ಕೂಸಿನ ತೂಕವೂ ನನ್ನ ಕಣ್ಣೂ

ಯಾರ ಮನೆಗೆ ಹೋದರೂ ನಾಲ್ಕು ಒಳ್ಳೆಯ ಮಾತಾಡಬೇಕು ಎಂದು ನಮ್ಮನ್ನು ಬೆಳೆಸಿದ್ದಾರೆ. ಬಾಣಂತಿ ಇರುವ ಮನೆಗೆ ಮಾತ್ರ ಇದು ಸಲ್ಲದು. ಅಲ್ಲಿ ಕೂಸನ್ನು ನೋಡಿ "ಎಷ್ಟು ದುಂಡಗಿದೆ!" ಎಂದಿರೋ, ನೀವು ಬೀದಿ ತಿರುಗುವಷ್ಟರಲ್ಲಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಬಂಗಾರಪೇಟೆಯ ಸುತ್ತ ನನ್ನ ಹೆಸರಿನಲ್ಲಿ ಸುಟ್ಟಿರುವ ಮೆಣಸಿನಕಾಯಿಯಲ್ಲಿ ಒಂದು ಮದುವೆಗೆ ಸಾರು ಮಾಡಬಹುದಿತ್ತು. ನನ್ನ ಕೆಲಸವೇ ಅಂಥದ್ದು. ನಾನು ಸರ್ಕಾರಿ ಆರೋಗ್ಯ ಉಪಕೇಂದ್ರದ ನರ್ಸು. ಚಿನ್ನದ ಗಣಿ ಪಕ್ಕದ ಊರಿಗಾಮಿನಲ್ಲಿರುವ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ಹಳ್ಳಿಗಳ ಬಸುರಿ ಬಾಣಂತಿಯರನ್ನು ವಿಚಾರಿಸಿ, ಕೂಸುಗಳ ತೂಕ ನೋಡಿ ಮೊಬೈಲಿಗೆ ತುಂಬಬೇಕು. ತುಂಬದಿದ್ದರೆ ಮೊದಲು ಮೊಬೈಲು ಕೆಂಪಗಾಗುತ್ತದೆ, ಆಮೇಲೆ ಡಾಕ್ಟರು. "ನನ್ನ ತೂಕ ಇಳಿದರೆ ಕೇಳುವವರೇ ಇಲ್ಲ" ಎಂದು ನಮ್ಮ ಯಜಮಾನರು ಗೊಣಗುತ್ತಾರೆ. ಇಳಿದರೆ ತಾನೇ ಕೇಳುವುದು!

ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮುನೆಮ್ಮಜ್ಜಿಯ ಮೊಮ್ಮಗಳು ಶಿಲ್ಪಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಗಂಡುಕೂಸು, ತೀರ ಹಗುರ. ಈ ವಾರ ತೂಕ ಏರದಿದ್ದರೆ ಕೋಲಾರದ ದೊಡ್ಡಾಸ್ಪತ್ರೆಗೆ ಕಳಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ತೂಗುವ ಜೋಳಿಗೆ ತೆಗೆದೊಡನೆ ಅಜ್ಜಿ ಅಡ್ಡ ನಿಂತಳು.

"ತಕ್ಕಡಿಗಾಕಾಕೆ ಇದೇನು ಟಮೋಟಾನಾ ನರ್ಸಮ್ಮಾ?"

"ಡೇರಿಯಲ್ಲಿ ದಿನಾ ಹಾಲು ಅಳೀತಾರಲ್ಲ ಅಜ್ಜೀ, ನಿಮ್ಮ ಹಸು ಬತ್ತಿಹೋಯ್ತಾ?"

ಅಜ್ಜಿ ಒಳಗೆ ಹೋಗಿ, ಕೂಸನ್ನು ತಾನೇ ಬಿಗಿಯಾಗಿ ಬಟ್ಟೆ ಸುತ್ತಿ ತಂದು ಜೋಳಿಗೆಯಲ್ಲಿ ಮಲಗಿಸಿದಳು. ಮುಳ್ಳು ಸರ್ರನೆ ಮೇಲೇರಿತು. "ಅಬ್ಬಾ, ಎಷ್ಟು ಚೆನ್ನಾಗಿ ಬೆಳೆದಿದ್ದಾನೆ!" ಎಂದುಬಿಟ್ಟೆ. ಹಾಳು ಬಾಯಿ. ಶಿಲ್ಪ ಖುಷಿಗೆ ಕಣ್ಣೊರೆಸಿಕೊಂಡಳು. ಕೂಸನ್ನು ಎತ್ತಿಕೊಂಡೆ ನೋಡಿ, ಬಟ್ಟೆಯೊಳಗಿಂದ ಒಂದು ಅಡಕತ್ತರಿ ಜಾರಿ ನೇರ ನನ್ನ ಕಾಲಿನ ಮೇಲೆ ಬಿತ್ತು.

"ಕಬ್ಬಿಣ ಇಲ್ದೆ ಕೂಸ್ನ ಮೇಲಕ್ಕೆತ್ತಾರಾ? ಗಾಳಿ ಮುಟ್ಟಲ್ವಾ?" ಎಂದು ನನ್ನನ್ನೇ ಗದರಿದಳು ಅಜ್ಜಿ.

ಬಟ್ಟೆ ಬಿಡಿಸಿ ಮತ್ತೆ ತೂಗಿದೆ. ಹೋದ ವಾರಕ್ಕಿಂತಲೂ ಕಡಿಮೆ. ಕಾಲುನೋವು ಮರೆತೇಹೋಯಿತು. ನಿಜವಾಗಿ ಹೆದರಿಕೆಯಾಯಿತು. ಮುನೆಮ್ಮಜ್ಜಿ ಎದೆ ಹೊಡೆದುಕೊಂಡಳು: "ನೋಡ್ದೇನೇ ಶಿಲ್ಪಾ! ಈಗಿನ್ನೂ ಚೆನ್ನಾಗವ್ನೆ ಅಂದ್ಳು, ಆಗ್ಲೇ ಇಳ್ದೋದ!"

ಆಸ್ಪತ್ರೆ ಎಂದರೆ "ತಿಂಗ್ಳು ತುಂಬ್ದೆ ಒಸ್ಲು ದಾಟಂಗಿಲ್ಲ" ಎಂದು ಬಾಗಿಲಿಗೇ ಕೂತಳು. ಶಿಲ್ಪ "ಓಗಾನ ಅಜ್ಜೀ" ಎಂದು ಅತ್ತರೂ ಕೇಳಲಿಲ್ಲ. ತರಬೇತಿಯಲ್ಲಿ ಕಲಿಸಿದ್ದನ್ನೆಲ್ಲ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು, "ನನ್ನ ಕಣ್ಣು ಕೆಟ್ಟದ್ದು ಅಂತಲೇ ಇಟ್ಕೊಳ್ಳಿ ಅಜ್ಜೀ. ಹಾಗಾದ್ರೆ ಕೂಸನ್ನ ನನ್ನ ಕಣ್ಣಿಗೆ ಬೀಳದ ಕಡೆ, ಕೋಲಾರದಲ್ಲಿ ಇಡೋದು ವಾಸಿ ಅಲ್ವಾ?" ಎಂದೆ.

ಅಜ್ಜಿ ಒಂದು ಗಳಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅದು ನ್ಯಾಯವಾದ ಮಾತು" ಎಂದು ಎದ್ದಳು. ಆಂಬುಲೆನ್ಸಿಗೆ ನನ್ನನ್ನು ಹತ್ತಿಸಲಿಲ್ಲ ಅಷ್ಟೆ.

ಕೂಸು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಹೋದೆ. ಬರಿಮೈಯಲ್ಲೇ ತೂಗಿದೆ. ಭರ್ತಿ ಏರಿದ್ದ! ಹಾರಿ ಕುಣಿಯಬೇಕೆನಿಸಿತು. ಆದರೆ ಅಜ್ಜಿಯ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಹುಣಸೆಹಣ್ಣು ಕಚ್ಚಿದ ಮುಖ ಮಾಡಿ ಸುಮ್ಮನೆ ಕೂತೆ. ಅಷ್ಟರಲ್ಲಿ ಡಾಕ್ಟರ ಫೋನು: "ಮಗು ಹೇಗಿದೆ?"

"ಏನೋ, ಇದೆ ಸಾರ್."

"ಇದೆ ಅಂದ್ರೆ? ಗಾಡಿ ಕಳಿಸ್ಲಾ?"

ಫೋನು ಹಿಡಿದು ಹಿತ್ತಲಿಗೆ ಓಡಿದೆ. ಬಾಯಿಗೆ ಕೈ ಅಡ್ಡ ಹಿಡಿದು, "ತುಂಬಾ ಚೆನ್ನಾಗಿ ತೂಕ ಬಂದಿದೆ ಸಾರ್" ಎಂದು ಪಿಸುಗುಟ್ಟಿದೆ.

"ಕೇಳಿಸ್ತಿಲ್ಲ, ಜೋರಾಗಿ ಹೇಳೀಮ್ಮಾ!"

ಸುತ್ತ ನೋಡಿದೆ. ಅಜ್ಜಿ ಒಳಗಿದ್ದಳು, ಹಿತ್ತಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಜೋರಾಗಿ ಹೇಳಲು ನನಗೆ ಧೈರ್ಯ ಬರಲಿಲ್ಲ.