ಮೂಗುಗಳು ಬೇಕಾಗಿವೆ

ಎದುರುಮನೆ ಆಂಟಿಯ ಮೂಗನ್ನು ಮರಿಡಾಕ್ಟರ್ ಲಿಫ್ಟಿನಲ್ಲಿ ಎವೆಯಿಕ್ಕದೆ ನೋಡಿದ್ದೇ ತಪ್ಪಾಯಿತು.

ನೋಡದೆ ಏನು ಮಾಡಿಯಾನು? ಆ ಮೂಗಿನ ತುಂಬ ಬ್ಲ್ಯಾಕ್‌ಹೆಡ್‌ಗಳು, ರವೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ! ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವನ ಸಂಶೋಧನೆಯೇ ಅದು. ಎದೆಹಾಲಿನ ನಾಳದೊಳಗೆ ಶುರುವಾಗುವ ಒಂದು ಬಗೆಯ ಕ್ಯಾನ್ಸರಿನಲ್ಲಿ ಸತ್ತ ಜೀವಕೋಶಗಳು ನಾಳಕ್ಕೆ ಬಿರಡೆಯಂತೆ ಕೂರುತ್ತವೆ. ಒತ್ತಿದರೆ ಬ್ಲ್ಯಾಕ್‌ಹೆಡ್ಡಿನ ಹಾಗೆಯೇ ಹೊರಬರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕ್ಯಾನ್ಸರಿನದ್ದೇ ಆದ ಗುರುತೊಂದು ಸಿಕ್ಕೀತು ಎಂಬುದು ಅವನ ಆಸೆ. ನಾಳದ ತುಣುಕುಗಳು ಆಸ್ಪತ್ರೆಯಲ್ಲಿದ್ದವು. ಮೂಗುಗಳೇ ಇರಲಿಲ್ಲ. ಕ್ಯಾನ್ಸರ್ ಎಂದ ಕೂಡಲೇ ಹೆಂಗಸರು ತಿರುಗಿಯೂ ನೋಡದೆ ಹೊರಟುಬಿಡುತ್ತಿದ್ದರು. ಇವತ್ತು ಸಂಜೆಯೊಳಗೆ ಯಾರೂ ಬರದಿದ್ದರೆ ಅವನ ಕೋಣೆ ಹಲ್ಲಿನ ವಿಭಾಗಕ್ಕೆ ಎಂದು ದೊಡ್ಡ ಡಾಕ್ಟರಮ್ಮ ಹೇಳಿಯಾಗಿತ್ತು.

ಆಂಟಿ ನೇರವಾಗಿ ಅವನ ಅಕ್ಕನ ಮುಂದೆ ಹೋಗಿ ನಿಂತರು. "ನೋಡಮ್ಮಾ, ನಿನ್ನ ತಮ್ಮ ನನ್ನನ್ನ ಗುರಾಯಿಸ್ತಾನೆ! ಮದುವೆ ಮಾಡು ಮಾಡು ಅಂತ ಆವಾಗಿಂದ ಬಡ್ಕೊಂಡೆ!"

"ಏನೋ ಇದು?" ಎಂದಳು ಅಕ್ಕ, ಸೌಟು ಹಿಡಿದುಕೊಂಡೇ.

"ಅಕ್ಕಾ, ನಾನು ಆಂಟೀನ ನೋಡ್ಲಿಲ್ಲ, ಅವರ ಮೂಗು ನೋಡ್ದೆ! ಎಂಥಾ ಮೂಗು ಅಂತೀಯಾ! ಕ್ಯಾನ್ಸರ್ ಸಂಶೋಧನೆಗೆ ಹೇಳಿ ಮಾಡಿಸಿದ ಹಾಗಿದೆ!"

ಆ ಆಂಟಿಗೆ ರೇಡಿಯೋ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವನು ಶೂ ಹಾಕಿಕೊಳ್ಳುವಷ್ಟರಲ್ಲಿ ಅವರ ಮೂಗಿಗೆ ಕ್ಯಾನ್ಸರ್ ಎಂಬ ಸುದ್ದಿ ಕೆಳಗಿನ ಮಹಡಿ ಮುಟ್ಟಿತ್ತು. ಅವನು ಕೆಳಗಿಳಿಯುವಷ್ಟರಲ್ಲಿ ಅದು ಇಡೀ ಕಟ್ಟಡದ ಮೂಗುಗಳಿಗೆ ಅಂಟಿಕೊಂಡಿತ್ತು. ಹೆಂಗಸರು ಮೆಟ್ಟಿಲ ಬಳಿಯೇ ಅವನನ್ನು ಮುತ್ತಿದರು.

"ನನಗೂ ಇದೆಯೇನಪ್ಪಾ?"

"ನೀರಿನ ಟ್ಯಾಂಕಿಂದ ಬಂದಿರ್ಬೇಕು!"

ಮರಿಡಾಕ್ಟರ್ ಗಿಡಗಳಿಗೆ ನೀರು ಹಾಕುವ ಪೈಪನ್ನು ಎತ್ತಿಕೊಂಡು ಮೆಟ್ಟಿಲೇರಿ ನಿಂತ. "ಕೇಳಿ ಇಲ್ಲಿ! ಇದು ಹಾಲಿನ ನಾಳ ಅಂದ್ಕೊಳ್ಳಿ. ಒಳಗೆ ಕಸ ಕಟ್ಕೊಂಡಿದೆ, ಪೈಪಿನ್ನೂ ಒಡೆದಿಲ್ಲ. ಈಗ್ಲೇ ಹಿಡಿದ್ರೆ ಜೀವ ಉಳಿಯುತ್ತೆ. ಎಷ್ಟೋ ಸಲ ಕೈಗೆ ಗಂಟು ಸಿಗೋ ಮುಂಚೇನೇ ಸ್ತನದ ಎಕ್ಸ್‌ರೇನಲ್ಲಿ ಸುಣ್ಣದ ಚುಕ್ಕೆ ಥರ ಕಾಣುತ್ತೆ!"

"ಮೂಗಿಗೂ ಅದಕ್ಕೂ ಏನಯ್ಯಾ ನಂಟು?"

"ಏನೂ ಇಲ್ಲ! ನೋಡೋಕೆ ಒಂದೇ ಥರ, ಅಷ್ಟೆ. ಹೋಲಿಸಿ ನೋಡೋಕೆ ನಂಗೆ ಮೂಗೂ ಬೇಕು. ನೀವು ಬಂದ್ರೆ ಎಕ್ಸ್‌ರೇನೂ ಆಗುತ್ತೆ."

ರೇಡಿಯೋ ಆಂಟಿ ಹತ್ತಿರ ಬಂದರು. ಆ ಕಟ್ಟಡದಲ್ಲಿ ಯಾರೂ ಕೇಳರಿಯದ ಮೆಲುದನಿಯಲ್ಲಿ ಹೇಳಿದರು: "ನಮ್ಮಮ್ಮ ಎದೇಲಿ ಗಂಟಾಗಿದ್ದನ್ನ ಯಾರಿಗೂ ಹೇಳದೆ ಒಬ್ಬಳೇ ನುಂಗ್ಕೊಂಡು ಹೋದ್ಲು ಕಣಪ್ಪಾ. ಬಾಯಿ ಬಿಟ್ಟಿದ್ರೆ ಉಳೀತಿದ್ಲೇನೋ."

ಮರುಕ್ಷಣವೇ ಅವರ ದನಿ ಮಾಳಿಗೆ ಮುಟ್ಟಿತು. "ಊಟ ಆದ್ಮೇಲೆ ಎಲ್ಲರೂ ಆಸ್ಪತ್ರೆಗೆ! ಬರದೇ ಇದ್ದೋರು ನನ್ನ ಬಾಯಿಗೆ ಬೀಳ್ತೀರಿ, ನೆನಪಿರಲಿ!"

ಕ್ಯಾನ್ಸರಿಗಿಂತ ಭಯಂಕರವಾದದ್ದು ಅದು. ಎಲ್ಲರೂ ಒಪ್ಪಿದರು.

ಮರಿಡಾಕ್ಟರ್ ಬಸ್ಸಿಗೂ ಕಾಯದೆ ಓಡಿದ. ಪ್ರಯೋಗಾಲಯದಲ್ಲಿ ಹಲ್ಲಿನ ಡಾಕ್ಟರು ಆಗಲೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು.

"ಸಾರ್, ಸ್ವಲ್ಪ ತಡೀರಿ! ಮೂಗುಗಳು ದಾರೀಲಿವೆ!"

ಅವರು ಅವನ ಹಣೆ ಮುಟ್ಟಿ ನೋಡಿ ಮತ್ತೆ ಅಳೆಯತೊಡಗಿದರು. ಅವನು ಮೇಜು ಒರೆಸಿದ, ಪುಟ್ಟ ಗಾಜಿನ ಕೊಳವೆಗಳನ್ನು ಸಾಲಾಗಿ ಜೋಡಿಸಿದ, ಕೈ ತಾಗಿ ಬೀಳಿಸಿದ, ಮತ್ತೆ ಜೋಡಿಸಿದ.

ಕೊನೆಗೂ ಕಾರಿಡಾರಿನ ಆ ತುದಿಯಿಂದ ರೇಡಿಯೋ ಕೇಳಿಸಿತು. ಬಂದರು! ಇಡೀ ಕಟ್ಟಡವೇ ಬಂದಿತ್ತು, ಜೊತೆಗೆ ಪಕ್ಕದ ಕಟ್ಟಡವೂ. ದೊಡ್ಡ ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಂಡು, "ಶಹಬ್ಬಾಸ್ ಕಣಯ್ಯಾ!" ಎಂದರು. ಎಕ್ಸ್‌ರೇ ಕೋಣೆಯ ಮುಂದೆ ಸಾಲು ಬೆಳೆಯಿತು. ಹಲ್ಲಿನ ಡಾಕ್ಟರು ಟೇಪು ಸುತ್ತಿಕೊಂಡರು. ಮರಿಡಾಕ್ಟರ್ ಕುಣಿಯುವುದೊಂದು ಬಾಕಿ.

ರೇಡಿಯೋ ಆಂಟಿಯನ್ನೇ ಮೊದಲು ದೀಪದ ಕೆಳಗೆ ಕೂರಿಸಿದ. ಭೂತಗನ್ನಡಿ ಹಿಡಿದು ಬಗ್ಗಿದ. ಗಾಜು ಒರೆಸಿ ಮತ್ತೆ ಬಗ್ಗಿದ. ಮೂಗು ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು. ಪಕ್ಕದವರದ್ದು ನೋಡಿದ, ಫಳಫಳ. ಅವರ ಹಿಂದಿನವರದ್ದೂ ಫಳಫಳ.

"ಆಂಟೀ... ನಿಮ್ಮ ಬ್ಲ್ಯಾಕ್‌ಹೆಡ್‌ಗಳು?"

"ಇಷ್ಟು ದೊಡ್ಡ ಆಸ್ಪತ್ರೆಗೆ ಕೊಳಕು ಮೂಗು ಹೊತ್ಕೊಂಡು ಬರೋಕಾಗುತ್ತಾ? ನಮ್ಮ ಬ್ಯೂಟಿ ಪಾರ್ಲರಿನವಳು, ಪುಣ್ಯಾತ್ಗಿತ್ತಿ, ಎಲ್ಲರಿಗೂ ಬಿಟ್ಟಿಯಾಗಿ ಆವಿ ಹಿಡಿಸಿ ಒಂದೂ ಬಿಡದೆ ಕಿತ್ತುಹಾಕಿದ್ಲು. ನಿನಗೆ ಮರ್ಯಾದೆ ಇರ್ಲಿ ಅಂತಾನೇ ಮಾಡಿಸ್ದೆ."

"ಕಿತ್ತದ್ದನ್ನ?" ಅವನು ಖಾಲಿ ಕೊಳವೆಯೊಂದನ್ನು ಎತ್ತಿ ಹಿಡಿದ.

"ಮೋರಿಗೆ ಸುರಿದು ಬಿಸಿನೀರು ಹಾಕಿದ್ವಿ. ಇನ್ನೇನು, ಜೋಪಾನ ಮಾಡ್ತಾರಾ?"

ಎಕ್ಸ್‌ರೇ ಸಾಲು ಗಲಗಲ ಎನ್ನುತ್ತ ಮುಂದೆ ಸಾಗಿತು. ಹಲ್ಲಿನ ಡಾಕ್ಟರು ಮೆಲ್ಲಗೆ ಟೇಪು ಬಿಚ್ಚಿದರು. ಖಾಲಿ ಕೊಳವೆಗಳನ್ನು ಎದೆಗವಚಿಕೊಂಡು ಮರಿಡಾಕ್ಟರ್ ಗೋಡೆಗೊರಗಿ ಕುಸಿದ.

ಆಂಟಿ ಕನಿಕರದಿಂದ ಅವನ ಗಲ್ಲ ಹಿಡಿದೆತ್ತಿದರು. "ಯಾಕಪ್ಪಾ, ಮುಖ ಇಷ್ಟು ಕಪ್ಪಿಟ್ಟಿದೆ? ಸಂಜೆ ಮನೆ ಕಡೆ ಬಾ, ನಿಂಗೂ ಒಂದು ಆವಿ ಹಿಡಿಸಿಬಿಡ್ತೀವಿ!"