ಕೌದಿಯ ಹೊಟ್ಟೆ

ಕೌದಿಗೂ ಒಂದು ಹೊಟ್ಟೆ ಇರುತ್ತದೆ ಎಂದರೆ ನಮ್ಮ ಗದಗ-ಬೆಟಗೇರಿ ಕಡೆಯವರು ಅದರಲ್ಲೇನು ವಿಶೇಷ ಎಂಬಂತೆ ಸುಮ್ಮನಿರುತ್ತಾರೆ. ಉಳಿದವರು ನನ್ನ ಮುಖವನ್ನೊಮ್ಮೆ ನೋಡಿ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ಅಂಥವರಿಗಾಗಿ ಹೇಳುತ್ತೇನೆ. ಹಳೆಯ ಸೀರೆಗಳನ್ನು ಹರಿದು, ಪದರದ ಮೇಲೆ ಪದರ ಹಾಸಿ, ಹೆಂಗಸರು ಕೈಯಿಂದ ಹೊಲಿಯುವ ಹೊದಿಕೆಯೇ ಕೌದಿ. ಅಂಚಿನಿಂದ ಹೊಲಿಯುತ್ತ ಬಂದು ನಡುವೆ ಅಂಗೈಯಷ್ಟು ಜಾಗ ಉಳಿದಾಗ, ಅಲ್ಲೊಂದು ಚೂರು ರೊಟ್ಟಿ ಇಟ್ಟು, ಮೇಲೆ ತುಂಡು ಬಟ್ಟೆ ಹಚ್ಚಿ ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ನಮ್ಮ ಅತ್ತೆಯವರ ಶಾಸ್ತ್ರ. ನಾನು ಹವಾಮಾನ ಅಳೆಯುವ ಇಲಾಖೆಯ ನೌಕರ. ಇಂಥ ಶಾಸ್ತ್ರ ಒಪ್ಪುವುದಕ್ಕಾಗಿ ಸರಕಾರ ನನಗೆ ಪಗಾರ ಕೊಡುವುದಿಲ್ಲ. ಆದರೂ ಈ ಚಳಿಗಾಲ ಅದನ್ನು ಒಪ್ಪುವ ಹಾಗೆ ಮಾಡಿತು.

ಗದಗಿನಲ್ಲಿ ಬಿಸಿಲು ಅಳೆಯುತ್ತಿದ್ದವನನ್ನು ಇಲಾಖೆಯವರು ಚಳಿ ಅಳೆಯಲೆಂದು ಲಡಾಖಿನ ಲೇಹ್‌ಗೆ ವರ್ಗ ಮಾಡಿದರು. ಹೆಂಡತಿ ಗಿರಿಜಾ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ; ಮಕ್ಕಳಿಬ್ಬರೂ ಸಣ್ಣವರು. ಸಾಹೇಬರ ಮುಂದೆ ಹೋಗಿ ಒಂದಿಷ್ಟು ಅತ್ತಿದ್ದರೆ ವರ್ಗ ನಿಲ್ಲುತ್ತಿತ್ತು ಎಂದು ಎಲ್ಲರೂ ಹೇಳಿದರು. ನಾನು ಅಳಲಿಲ್ಲ, ಏಕೆಂದರೆ ನನಗೆ ಹೋಗಬೇಕಾಗಿತ್ತು. ಬೆಟಗೇರಿಯ ನಮ್ಮ ಓಣಿಯ ಜನ ಬಹಳ ಒಳ್ಳೆಯವರು, ತೊಂದರೆ ಇದ್ದದ್ದೇ ಅಲ್ಲಿ. ಗಿರಿಜಾ ಹೋದ ಮೇಲೆ ನನ್ನ ಮಕ್ಕಳ ಹೆಸರುಗಳು ಓಣಿಯಲ್ಲಿ ಬಳಕೆಯಿಂದ ಬಿದ್ದುಹೋದವು. ಬಸು ಹೋಗಿ, ಸಾವಿತ್ರಿ ಹೋಗಿ, ಇಬ್ಬರೂ ಸೇರಿ "ಪಾಪ, ತಾಯಿಲ್ಲದ ಕೂಸುಗಳು" ಆದರು. ಮಗ್ಗದ ಸದ್ದಿನ ನಡುವೆಯೂ ಆ 'ಪಾಪ' ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎರಡನೇ ಇಯತ್ತೆಯ ಬಸುವಿಗೆ ಅದರ ಉಪಯೋಗ ಬೇಗ ತಿಳಿಯಿತು. ಮಗ್ಗಿ ತಪ್ಪಿದಾಗಲೆಲ್ಲ ತಲೆ ತಗ್ಗಿಸಿ, "ಅವ್ವ ಇಲ್ರಿ" ಎನ್ನತೊಡಗಿದ. ಏಳರ ಮಗ್ಗಿಗೂ ಅವ್ವನ ಮರಣಕ್ಕೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ಮಾಸ್ತರರಿಗಾಗಲಿಲ್ಲ. ಪಾಪ ಎನ್ನುವವರಿಲ್ಲದ ಊರೊಂದು ನಮಗೆ ಬೇಕಾಗಿತ್ತು. ಇಲಾಖೆ ಅದನ್ನು ನಕಾಶೆಯ ನೆತ್ತಿಯ ಮೇಲೆ ಹುಡುಕಿಕೊಟ್ಟಿತು.

ಸುದ್ದಿ ಕೇಳಿ ಹುಲಕೋಟಿಯಿಂದ ನಮ್ಮ ಅತ್ತೆ ಬಂದರು. ಮಕ್ಕಳಿಗೆ ಅವರು ಆಯಿ. ಬಂದವರು ಅಳಲಿಲ್ಲ, ಬೈಯಲಿಲ್ಲ. ನೆಟ್ಟಗೆ ಒಳಗೆ ಹೋಗಿ ಟ್ರಂಕಿನಿಂದ ಮಗಳ ಸೀರೆಗಳನ್ನು ತೆಗೆದು ಹರಿಯತೊಡಗಿದರು. ನಾನು ಹಿತ್ತಲಿಗೆ ಹೋಗಿ ಮೋಡ ನೋಡುತ್ತ ನಿಂತೆ. ಅಂದು ಮೋಡ ಇರಲಿಲ್ಲ. ಬಹಳ ಹೊತ್ತು ನೋಡಿದೆ.

ಆಮೇಲೆ ಅತ್ತೆ ಹೊಲಿಯುತ್ತಲೇ ಹೇಳಿದರು, "ಅಳಿಯಂದ್ರ, ಕೂಸುಗಳನ್ನ ನನ್ನ ಹಂತ್ಯಾಕ ಬಿಟ್ಟು ಹೋಗ್ರಿ."

"ಇಲ್ರಿ ಅತ್ತಿ, ಕರಕೊಂಡ ಹೊಕ್ಕೇನಿ."

"ಅಲ್ಲಿ ಅವಕ್ಕ ರೊಟ್ಟಿ ಯಾರು ಬಡೀತಾರ?"

"ನಾನ ಬಡೀತೇನ್ರಿ."

ಸೂಜಿ ನಿಂತಿತು. ವಿಮಾನವನ್ನು ನಾನೇ ಹಾರಿಸಿಕೊಂಡು ಹೋಗುತ್ತೇನೆ ಎಂದಿದ್ದರೂ ಅವರು ಅಷ್ಟು ಹೊತ್ತು ನನ್ನ ಮುಖ ನೋಡುತ್ತಿರಲಿಲ್ಲ. "ಆತು. ಥಂಡಿ ಮುಗಿಯೂದ್ರಾಗ ಎರಡರಾಗ ಒಂದು ಕೂಸು 'ಆಯಿ, ನಾ ಬರ್ತೇನಿ' ಅಂದ್ರ ಸಾಕು, ನಾನ ಬಂದು ಎರಡನ್ನೂ ಕರಕೊಂಡ ಬರಾಕಿ. ಆವಾಗ ನೀವು ತುಟಿ ಬಿಚ್ಚಂಗಿಲ್ಲ." ನಾನು ಒಪ್ಪಿದೆ. ಅವರು ಕೌದಿಯ ಹೊಟ್ಟೆಗೆ ರೊಟ್ಟಿ ಇಟ್ಟು ಬಾಯಿ ಮುಚ್ಚಿದರು. ಹೀಗೆ ಒಂದೇ ಸಮಯಕ್ಕೆ ಇಬ್ಬರ ಬಾಯಿ ಮುಚ್ಚಿತು.

ವಿಮಾನ ನಿಲ್ದಾಣದಲ್ಲಿ ಆ ಕೌದಿಯನ್ನು ಯಂತ್ರದೊಳಗೆ ತಳ್ಳಿದಾಗ, ನಡುವಿನ ಗಂಟು ಕಂಡು ಪೊಲೀಸಪ್ಪ ಇದೇನೆಂದ. ರೊಟ್ಟಿ ಎಂದೆ. ಯಾಕೆಂದ. ಅದರ ಹೊಟ್ಟೆ ತುಂಬಿರಲಿ ಅಂತ, ಎಂದೆ. ಅವನು ನನ್ನನ್ನೂ, ಆಮೇಲೆ ನನ್ನ ಎರಡೂ ಕೈ ಹಿಡಿದು ನಿಂತ ಮಕ್ಕಳನ್ನೂ ನೋಡಿ, ಹೋಗಿ ಎಂದು ಕೈ ಮಾಡಿದ. ಅವನ ಭಾಷೆಯಲ್ಲೂ ಅದು 'ಪಾಪ'ವೇ.

ಲೇಹ್‌ನಲ್ಲಿ ಮಕ್ಕಳು ನನಗಿಂತ ಬೇಗ ಬೇರೂರಿದರು. ಇಲ್ಲಿ ಗೌರವಕ್ಕಾಗಿ ಹಿರಿಯರ ಹೆಸರಿನ ಕೊನೆಗೆ 'ಲೇ' ಹಚ್ಚುತ್ತಾರೆ. ಬಸು ಈ ಸಂಪ್ರದಾಯವನ್ನು ಒಂದೇ ದಿನದಲ್ಲಿ ಅರಗಿಸಿಕೊಂಡು, ಗದಗಿನಲ್ಲಿ ಕಪಾಳಕ್ಕೆ ಬೀಳಬಹುದಾದ ಧಾಟಿಯಲ್ಲಿ, "ಅಪ್ಪಾಲೇ, ನೀರು ಹೆಪ್ಪುಗಟ್ಟ್ಯಾವು" ಎನ್ನುತ್ತಾನೆ. ನಾನು ದುರುಗುಟ್ಟಿ ನೋಡಿದರೆ, "ಗೌರವ ಐತಿ" ಎನ್ನುತ್ತಾನೆ. ಸೋತವನೆಂದರೆ ನಾನು, ಅದೂ ರೊಟ್ಟಿಯಲ್ಲಿ. ಜೋಳದ ಹಿಟ್ಟು ಜಿಗುಟು ಹಿಡಿಯಬೇಕಾದರೆ ಕುದಿಯುವ ನೀರು ಬೇಕು. ಅದಕ್ಕೆ ಎಸರು ಎನ್ನುತ್ತೇವೆ. ಇಷ್ಟು ಎತ್ತರದಲ್ಲಿ ನೀರು ಸಾಕಷ್ಟು ಕಾಯುವ ಮೊದಲೇ ಕುದಿದುಬಿಡುತ್ತದೆ. ಗಾಳಿಯ ಒತ್ತಡದ ಈ ತತ್ತ್ವವನ್ನು ಫೋನಿನಲ್ಲಿ ಅತ್ತೆಯವರಿಗೆ ವಿವರವಾಗಿ ಹೇಳಿದೆ. ಅವರು ಪೂರ್ತಿ ಕೇಳಿ, "ಕೈ ಯಾರದು?" ಎಂದರು. ನನ್ನ ರೊಟ್ಟಿ ಹಂಚಿನ ಮೇಲೆ ಬೀಳುವಾಗ ಒಂದಿರುತ್ತದೆ, ಏಳುವಾಗ ಹರಿದು ಕುಟುಂಬವಾಗಿರುತ್ತದೆ.

ಹೀಗಿರಲು ಒಂದು ಸಂಜೆ ಆಫೀಸಿನಿಂದ ಬರುತ್ತೇನೆ, ಮಗಳು ಸಾವಿ ಒಲೆಯ ಹತ್ತಿರ ಕೌದಿ ಹರವಿಕೊಂಡು ಕುಳಿತಿದ್ದಾಳೆ. ಪಕ್ಕದಲ್ಲಿ ಕತ್ತರಿ. ಕೌದಿಯ ಹೊಟ್ಟೆ ಬಿಚ್ಚಿದೆ. ಅವಳ ಬಾಯಿ ಆಡುತ್ತಿದೆ.

"ಏನ ತಿನ್ನಾಕತ್ತೀ?"

"ಆಯಿ ರೊಟ್ಟಿ," ಎಂದಳು. "ಮುಗೀತು."

ಬೆಟಗೇರಿಯಲ್ಲಿ ಬಡಿದ ರೊಟ್ಟಿ, ಎಷ್ಟೋ ತಿಂಗಳ ಹಿಂದಿನದು. ನಾನು ಬೈಯಲಿಲ್ಲ, ಏಕೆಂದರೆ ನನಗೆ ಭಯವಾಗಿತ್ತು. ಅತ್ತೆಯವರ ಫೋನು ಬರುವ ಹೊತ್ತು. ರೊಟ್ಟಿಗಾಗಿ ಕೌದಿ ಹರಿದ ಕೂಸು ಮುಂದಿನ ಮಾತು ಏನು ಆಡುತ್ತದೆ ಎಂದು ಊಹಿಸಲು ಹವಾಮಾನ ಇಲಾಖೆ ಬೇಕಾಗಿಲ್ಲ. ಸೂಜಿ ದಾರ ತೆಗೆದು ಹೊಲಿಯಲು ಕುಳಿತೆ. "ಖಾಲಿ ಹೊಟ್ಟಿ ಹೊಲೀಬಾರದು, ಆಯಿ ಹೇಳ್ಯಾಳ," ಎಂದು ಬಸು ಬೆಳಗಿನ ನನ್ನ ರೊಟ್ಟಿಯ ಒಂದು ಚೂರು ತಂದುಕೊಟ್ಟ. ಅದನ್ನಿಟ್ಟು ಮುಚ್ಚಿದೆ. ಮೇಲಿನ ತುಂಡು ಗಿರಿಜಾ ಮನೆಯಲ್ಲಿ ದಿನಾ ಉಡುತ್ತಿದ್ದ ಹಸಿರು ಸೀರೆಯದು. ಕೈ ಒರೆಸಿದ ಅರಿಶಿನದ ಕಲೆ ಇನ್ನೂ ಇತ್ತು. ಆ ಕಲೆಗೆ ಸೂಜಿ ತಾಗದಂತೆ ಸುತ್ತುಹಾಕಿ ಹೊಲಿದೆ. ಹೊಲಿಗೆ ಸೊಟ್ಟಗಾಯಿತು.

ಫೋನು ಬಂತು, ಸ್ಪೀಕರಿಗೆ ಹಾಕಿದೆ. ಸಾವಿ ಯಾರೂ ಕೇಳದಿದ್ದರೂ ಎಲ್ಲವನ್ನೂ ಒಪ್ಪಿಸಿದಳು. ಆಮೇಲೆ ಅತ್ತೆಯವರು ಮೆಲ್ಲಗೆ, "ನಾ ಬರ್ಲೇನವ್ವಾ? ನನ್ನ ಕೂಡ ಬರ್ತೀಯೇನು?" ಎಂದರು. ನಾನು ತುಟಿ ಬಿಚ್ಚುವಂತಿರಲಿಲ್ಲ.

ಸಾವಿ ನನ್ನ ಕಡೆ ನೋಡಿದಳು. "ಬ್ಯಾಡ ಆಯಿ. ಪಾಪ, ಅಪ್ಪಗ ರೊಟ್ಟಿ ಮಾಡಾಕ ಬರೂದಿಲ್ಲ. ನಾವೂ ಬಂದ್ರ, ಒಬ್ಬನ ಕುಂತು ಅದನ್ನ ಹೆಂಗ ತಿಂತಾನ?"

"ಖರೆನ ಆಯಿ," ಎಂದ ಬಸು ಹಿಂದಿನಿಂದ, "ನೋಡಾಕ ಆಗೂದಿಲ್ಲ."

"ಕೌದಿ ಹೊಟ್ಟ್ಯಾಗ ಈಗ ಏನ ಐತಿ?" ಅತ್ತೆ ಕೇಳಿದರು.

"ಅಪ್ಪನ ರೊಟ್ಟಿ."

"ಹಂಗಾರ ಇನ್ನ ಯಾರೂ ಬಿಚ್ಚಂಗಿಲ್ಲ ಬಿಡು," ಎಂದರು ಅತ್ತೆ. "ಅಳಿಯಂದ್ರ, ಎಸರು ಚಂದಂಗ ಕುದಿಸ್ರಿ," ಎಂದು ಫೋನು ಇಟ್ಟರು.

ಇಡೀ ಓಣಿ ಪುಕ್ಕಟೆಯಾಗಿ ಕೊಡುತ್ತಿದ್ದ 'ಪಾಪ'ವನ್ನು ಬೇಡವೆಂದು ಒದ್ದು ಇಷ್ಟು ಎತ್ತರ ಹತ್ತಿ ಬಂದವನು ನಾನು. ಅದೇ 'ಪಾಪ' ಮಗಳ ಬಾಯಿಂದ ಬಿದ್ದಾಗ ಎರಡೂ ಕೈಯೊಡ್ಡಿ ಹಿಡಿದುಕೊಂಡೆ. ಎಸರನ್ನು ಕುಕ್ಕರಿನಲ್ಲಿಟ್ಟರೆ ಈ ಎತ್ತರದಲ್ಲೂ ರೊಟ್ಟಿ ಹರಿಯದೆ ಬರುತ್ತದೆ ಎಂದು ಆಫೀಸಿನಲ್ಲಿ ತಿಳಿದವರು ಹೇಳುತ್ತಾರೆ. ನಿಜವಿರಬಹುದು, ವಿಜ್ಞಾನವೂ ಹಾಗೇ ಹೇಳುತ್ತದೆ. ಆದರೆ ಅತ್ತೆಯವರ ಕರಾರಿನ ಥಂಡಿ ಇನ್ನೂ ಮುಗಿದಿಲ್ಲ. ಕುಕ್ಕರನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಅಟ್ಟದ ಮೇಲಿಟ್ಟಿದ್ದೇನೆ.