ಏಳು ಪದರದ ಗುರುತಿನ ಚೀಟಿ

ಗುರುತಿನ ಚೀಟಿಗಳ ಕಚೇರಿಯಲ್ಲಿ ನಾಗರಿಕರ ಮುಖ ಕಾಣುವ ಪದ್ಧತಿಯು ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಕ್ರಮಬದ್ಧವಾಗಿ ಕೊನೆಗೊಂಡಿತು.

ಅಲ್ಲಿಯವರೆಗೆ ಆ ಮುಖಗಳನ್ನು ನೋಡಿಕೊಳ್ಳುತ್ತಿದ್ದವಳು ಫೋಟೋ ಅಕ್ಕ. ಕಚೇರಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅವಳ ಕಂಪ್ಯೂಟರಿನಲ್ಲಿ ಚಿತ್ರಗಳು ಪದರ ಪದರವಾಗಿ ಒಂದರ ಮೇಲೊಂದು ಕೂರುತ್ತಿದ್ದವು: ಕೆಳಗಿನ ಪದರದಲ್ಲಿ ಮುಖ, ಮೇಲಿನ ಪದರದಲ್ಲಿ ಮೊಹರು. ಮೊಹರಿನ ಸುತ್ತಲಿನ ಬಿಳಿ ಕಾಗದ ಅರ್ಧ ಕೆನ್ನೆ ನುಂಗುತ್ತಿತ್ತು. ಅವಳು ಪದರ ಬೆರೆಯುವ ರೀತಿಯನ್ನು ‘ನಾರ್ಮಲ್’ನಿಂದ ‘ಮಲ್ಟಿಪ್ಲೈ’ಗೆ ಬದಲಿಸಿದಳು. ಬಿಳಿ ಮಾಯವಾಗಿ, ಮೊಹರಿನ ಗೆರೆಗಳಷ್ಟೇ ಕೆನ್ನೆಯ ಮೇಲೆ ತಣ್ಣಗೆ ಕೂತವು.

ಅವಳ ಬೆನ್ನ ಹಿಂದೆ ನಿರ್ದೇಶಕರು ನಿಂತಿದ್ದರು.

“ಮಲ್ಟಿಪ್ಲೈ ಅಂದ್ರೆ ಗುಣಾಕಾರ ಅಲ್ವೇನಮ್ಮಾ?”

“ಹೌದು ಸಾರ್. ಆದ್ರೆ ಇಲ್ಲಿ ಒಂದರ ಮೇಲೊಂದು ಪದರ ಹಾಕಿದಷ್ಟೂ ಚಿತ್ರ ಕಪ್ಪಾಗ್ತಾ ಹೋಗತ್ತೆ.”

“ನಮ್ಮ ಸಾಧನೆ ಗುಣಾಕಾರ ಆಗೋದು ನಿಮಗೆ ಇಷ್ಟ ಇಲ್ಲ ಅನ್ನಿ.”

ಮೂರು ಗಂಟೆಗೆ ಸರಿಯಾಗಿ ಸುತ್ತೋಲೆ ಬಂತು: “ಪ್ರತಿ ಚೀಟಿಯ ಮುಂಬದಿಯ ಮೇಲೆ ಕಚೇರಿಯ ಎಲ್ಲ ವಿಭಾಗಗಳೂ ತಲಾ ಒಂದು ಪದರವನ್ನು ಮಲ್ಟಿಪ್ಲೈ ರೀತಿಯಲ್ಲಿಯೇ ಹೊದಿಸತಕ್ಕದ್ದು. ನಾರ್ಮಲ್ ಆಗಿರಲು ಮೇಲಧಿಕಾರಿಗಳ ಲಿಖಿತ ಪೂರ್ವಾನುಮತಿ ಕಡ್ಡಾಯ.”

ವಿಭಾಗಗಳು ಏಳು. ಒಬ್ಬರು ಕೊಟ್ಟ ಮೇಲೆ ಇನ್ನೊಬ್ಬರು ಬಿಡುತ್ತಾರೆಯೇ? ದಾಸ್ತಾನು ವಿಭಾಗ ತನ್ನ ಕಪಾಟಿನ ಚಿತ್ರ ಕಳಿಸಿತು. ಕ್ಯಾಂಟೀನಿನವರು ಚಹಾ ಲೋಟದ ಗುರುತು ಕಳಿಸಿದರು. ಎಲ್ಲವೂ ತಿಳಿ ಬೂದು. ಏಳೂ ಕೂತಾಗ ಮುಖ, ಹೆಸರು, ವಿಳಾಸ ಎಲ್ಲ ಕಾಡಿಗೆಯಲ್ಲಿ ಅದ್ದಿದಂತಾದವು. ಚೀಟಿಯ ಹಿಂಬದಿಯ ಸಂಖ್ಯೆಯೊಂದೇ ಉಳಿಯಿತು.

ತನಿಖಾ ಸಮಿತಿ ಒಂದೊಂದೇ ಪದರವನ್ನು ಬೇರೆ ಬೇರೆ ತೆರೆದು ನೋಡಿ, ಏಳೂ ತಿಳಿಯಾಗಿರುವುದನ್ನು ದೃಢಪಡಿಸಿತು. ಉಳಿದದ್ದು ಮುಖವೊಂದೇ ಆದ್ದರಿಂದ ದೋಷ ನಾಗರಿಕರದ್ದೆಂದು ವರದಿ ಕೊಟ್ಟಿತು.

“ಸ್ಕ್ರೀನ್ ಅಂತ ಇನ್ನೊಂದು ರೀತಿ ಇದೆ ಸಾರ್,” ಎಂದಳು ಅಕ್ಕ. “ಅದರಲ್ಲಿ ಬೆಳಕು ಹೆಚ್ಚತ್ತೆ.”

“ಪಾರದರ್ಶಕ ಆಡಳಿತಕ್ಕೆ ಪರದೆ ಹಾಕ್ತೀರೇನಮ್ಮಾ?” ಎಂದು ನಿರ್ದೇಶಕರು ನೊಂದುಕೊಂಡರು.

ಅಕ್ಕನಿಗೆ ಇದು ಕಚೇರಿಯಲ್ಲೇ ಬಿಟ್ಟು ಬರುವ ಚಿಂತೆಯಾಗಿರಲಿಲ್ಲ. ಶುಕ್ರವಾರ ಅತ್ತೆಯ ಕಣ್ಣಿನ ಪೊರೆ ತೆಗೆಸಬೇಕಿತ್ತು; ಆಸ್ಪತ್ರೆಯಲ್ಲಿ ಗುರುತಿನ ಚೀಟಿ ಕಡ್ಡಾಯ. ಆ ದಿನ ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು. ಹೊಸ ಚೀಟಿಯನ್ನು ಅತ್ತೆಯ ಕೈಗಿಟ್ಟಳು.

ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ಚೆನ್ನಾಗೇ ಇದೆಯಲ್ಲೇ. ನನಗೆ ಎಲ್ಲ ಫೋಟೋನೂ ಹೀಗೇ ಕಾಣತ್ತೆ.”

ಶುಕ್ರವಾರ ಆಸ್ಪತ್ರೆಯ ಗುಮಾಸ್ತ ಚೀಟಿ ನೋಡಿದ, ಅತ್ತೆಯನ್ನು ನೋಡಿದ. “ಹೋಲಿಕೆ ಇಲ್ಲಮ್ಮ.” ಅಷ್ಟರಲ್ಲಿ ಅವನ ಮೇಲಧಿಕಾರಿ ಆ ದಿನ ಬಂದಿದ್ದ ಸುತ್ತೋಲೆ ಚಾಚಿದರು: “ಚೀಟಿಯಲ್ಲಿರುವಷ್ಟೇ ಬೆಳಕಿನಲ್ಲಿ ವ್ಯಕ್ತಿಯನ್ನು ಪರಿಶೀಲಿಸತಕ್ಕದ್ದು.” ಕಿಟಕಿ ಮುಚ್ಚಿ, ದೀಪ ಆರಿಸಿದರು.

“ಈಗ ಸರಿಹೋಯ್ತು ನೋಡಿ,” ಎಂದಿತು ಕತ್ತಲೆಯಿಂದ ಗುಮಾಸ್ತನ ದನಿ. “ಎರಕ ಹೊಯ್ದ ಹಾಗಿದೆ.”

ಪೊರೆ ತೆಗೆದರು. ಮನೆಗೆ ಬಂದು ಹಿಂಬದಿಯ ಸಂಖ್ಯೆ ನೋಡಿದರೆ ಅಕ್ಕ ಅವಸರದಲ್ಲಿ ಒಯ್ದಿದ್ದು ಜೊತೆಗೇ ಮಾಡಿಸಿದ್ದ ಮಾವನವರ ಚೀಟಿ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಕೆಲಸ ಹೋದರೂ ಹೋಗಲಿ ಎಂದುಕೊಂಡು ಸೋಮವಾರ ನಿರ್ದೇಶಕರ ಮುಂದೆ ನಿಂತು ತಪ್ಪೊಪ್ಪಿಕೊಂಡಳು.

ನಿರ್ದೇಶಕರು ಪೆನ್ನು ಕೈಗೆತ್ತಿಕೊಂಡರು. “ಅಂದ್ರೆ ಒಬ್ಬರ ಚೀಟಿ ಇನ್ನೊಬ್ಬರಿಗೂ ನಡೆಯತ್ತೆ.”

“ನಡೆದುಬಿಟ್ಟಿದೆ ಸಾರ್.”

“ಹಾಗಾದ್ರೆ ಜನರನ್ನ ಕೂರಿಸಿ ಫೋಟೋ ತೆಗೆಯೋ ಕಷ್ಟ ಯಾಕೆ?”

ಅಕ್ಕನಿಗೆ ಉತ್ತಮ ಸೇವೆಯ ಪ್ರಶಂಸಾಪತ್ರ ಸಿಕ್ಕಿತು. ಅದರ ಮೇಲೂ ಏಳು ವಿಭಾಗಗಳ ಪದರಗಳಿದ್ದುದರಿಂದ, ಅದು ಪ್ರಶಂಸಾಪತ್ರವೆಂದು ನಿರ್ದೇಶಕರೇ ಬಾಯಲ್ಲಿ ಹೇಳಿದರು.

ಈಗ ಕಚೇರಿಯಲ್ಲಿ ಸಾಲೇ ಇಲ್ಲ. ಮುದ್ರಿಸಿದ ಚೀಟಿಗಳನ್ನು ಬಾಗಿಲಲ್ಲೇ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಬಂದವರು ಒಂದೊಂದು ತೆಗೆದುಕೊಂಡು ಹೋಗುತ್ತಾರೆ. ಮೊನ್ನೆ ಅತ್ತೆಯೂ ಬಂದಿದ್ದರು. ಹೊಸ ಕಣ್ಣಿನಿಂದ ಒಂದು ಚೀಟಿ ನೋಡಿ ಬದಿಗಿಟ್ಟರು, ಎರಡನೆಯದನ್ನೂ ಇಟ್ಟರು. ಮೂರನೆಯದನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

“ಇದನ್ನೇ ತಗೋತೀನಿ ಕಣೇ. ಇದರಲ್ಲಿ ನಾನು ಸ್ವಲ್ಪ ನಕ್ಕಿದ್ದೀನಿ.”

“ಹೌದು ಅತ್ತೆ,” ಎಂದಳು ಫೋಟೋ ಅಕ್ಕ.